ಫೋನಿಗಿಂತ ನನ್ನ ಡಿಎಸ್‌ಎಲ್‌ಆರ್ ಫೋಟೋ ಯಾಕೆ ಕಳಪೆ?

ಪ್ರಶ್ನೆ: ನಾನು ಕುಮಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಬೆಂಗಳೂರಿನಲ್ಲಿರುವ ಭಾವ ಹೆಚ್ಚು ಬಳಸದೆ ಇಟ್ಟಿದ್ದ ಕ್ಯಾನನ್ ಇಒಎಸ್ 1500ಡಿ ಕ್ಯಾಮೆರಾವನ್ನು 18-55 ಲೆನ್ಸ್ ಸಮೇತ ನನಗೆ ಕೊಟ್ಟರು. ಬಹಳ ದಿನದ ಆಸೆ, ಯಕ್ಷಗಾನದ ಫೋಟೋ ತೆಗೆಯಬೇಕೆಂದು. ಏಪ್ರಿಲ್‌ನಲ್ಲಿ ಊರಿನ ಬಯಲಾಟಕ್ಕೆ ಒಯ್ದೆ. ಆಟೋದಲ್ಲಿ ಇಟ್ಟರೆ ಫ್ಲಾಶ್ ತಾನಾಗಿ ಏಳುತ್ತದೆ, ಪಿ ಮೋಡ್‌ನಲ್ಲಿಡು ಎಂದು ಭಾವ ಹೇಳಿದ್ದರು, ಹಾಗೇ ಮಾಡಿದೆ. ಇನ್ನೂರು ಫೋಟೋದಲ್ಲಿ ಒಂದೂ ಸರಿ ಬರಲಿಲ್ಲ. ವೇಷದ ಮುಖ ಬಿಳಿಚಿದೆ, ಎಲ್ಲ ಅಲುಗಾಡಿದೆ, ಹಳದಿ ಬಣ್ಣ ಬಳಿದ ಹಾಗಿದೆ. ಪಕ್ಕದಲ್ಲಿ ಕೂತಿದ್ದ ಹುಡುಗ ಫೋನಿನಲ್ಲಿ ತೆಗೆದದ್ದು ಇದಕ್ಕಿಂತ ಎಷ್ಟೋ ಚೆಂದ ಬಂತು. ಕ್ಯಾಮೆರಾ ಹಾಳಾಗಿದೆಯೇ? ಇದನ್ನು ಮಾರಿ, ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾ ತೆಗೆದುಕೊಳ್ಳಲೇ? ಅಥವಾ ಬೇರೆ ಲೆನ್ಸ್ ಸಾಕೇ? ಬಯಲಾಟದ್ದೊಂದು, ಮನೆಯ ಜಗಲಿಯಲ್ಲಿ ತೆಗೆದ ಅಮ್ಮನದೊಂದು ಫೋಟೋ ಕಳಿಸಿದ್ದೇನೆ.

ಉತ್ತರ: ಮಾಸ್ತರೇ, ಮೊದಲು ಅಮ್ಮನ ಫೋಟೋ ನೋಡಿದೆ. ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿದೆ. ಕಿವಿಯ ಹಿಂದೆ ಬಾಚಿದ ಬಿಳಿ ಕೂದಲು ಎಳೆ ಎಳೆಯಾಗಿ ಬೇರೆ ಕಾಣುತ್ತದೆ. ಸೀರೆಯ ಅಂಚಿನ ನೇಯ್ಗೆ ಕಾಣುತ್ತದೆ. ಕಣ್ಣಿನ ಕರಿಯಲ್ಲಿ ಅಂಗಳದ ಬೆಳಕು ಸಣ್ಣ ಚೌಕವಾಗಿ ಕೂತಿದೆ. ಕೆಟ್ಟ ಕ್ಯಾಮೆರಾ ಅಥವಾ ಬೂಸಲು ಹಿಡಿದ ಲೆನ್ಸ್ ಇಂಥ ಚಿತ್ರ ಕೊಡುವುದಿಲ್ಲ. ನಿಮ್ಮ ಕ್ಯಾಮೆರಾ ಚೆನ್ನಾಗಿದೆ, ಈ ಚಿಂತೆ ಇಲ್ಲಿಗೇ ಬಿಡಿ.

ಇನ್ನು ಬಯಲಾಟದ ಫೋಟೋ. ಪ್ರತಿ ಫೋಟೋದ ಒಳಗೂ ಅದನ್ನು ತೆಗೆದಾಗಿನ ಲೆಕ್ಕ ಬರೆದಿರುತ್ತದೆ. ನಿಮ್ಮದರಲ್ಲಿ ಹೀಗಿದೆ: ಲೆನ್ಸ್ 55 ಮಿಮೀ, ಅಪರ್ಚರ್ (ಲೆನ್ಸಿನ ಬಾಯಿಯ ತೆರವು, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು) ಎಫ್/5.6, ಶಟರ್ (ಬೆಳಕು ಒಳಬಿಡುವ ಹೊತ್ತು) 1/30 ಸೆಕೆಂಡ್, ಐಎಸ್‌ಒ (ಸಿಕ್ಕ ಬೆಳಕನ್ನು ಹಿಗ್ಗಿಸುವ ಪ್ರಮಾಣ) 6400. ಇಷ್ಟು ನೋಡಿದರೆ ಆ ರಾತ್ರಿ ಏನಾಯಿತೆಂದು ಪೂರ್ತಿ ಗೊತ್ತಾಗುತ್ತದೆ. ಕ್ಯಾಮೆರಾ ತನ್ನ ಕೈಲಾದದ್ದನ್ನೆಲ್ಲ ಮಾಡಿದೆ. ಲೆನ್ಸಿನ ಬಾಯಿಯನ್ನು ಆ ಜೂಮ್‌ನಲ್ಲಿ ಎಷ್ಟು ತೆರೆಯಬಹುದೋ ಅಷ್ಟೂ ತೆರೆದಿದೆ, ಐಎಸ್‌ಒವನ್ನು ಸಾಮಾನ್ಯ ಮಿತಿಯ ತುದಿಗೆ ಏರಿಸಿದೆ. ಆದರೂ ಬೆಳಕು ಸಾಲದೆ ಶಟರನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿಟ್ಟಿದೆ. ಅಷ್ಟರಲ್ಲಿ ವೇಷಧಾರಿಯ ಕೈ ಒಂದು ಗೇಣು ಸರಿದಿರುತ್ತದೆ. ನಿಮ್ಮ ಲೆನ್ಸಿನಲ್ಲಿ ಐಎಸ್ ಎಂಬ ಅಲುಗಾಟ ತಡೆಯುವ ವ್ಯವಸ್ಥೆ ಇದೆ, ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ. ಎದುರಿಗಿರುವವರು ಕುಣಿಯುತ್ತಿದ್ದರೆ ಅದೇನೂ ಮಾಡಲಾರದು. ಚಿತ್ರದಲ್ಲೇ ನೋಡಿ, ರಂಗಸ್ಥಳದ ಹಿಂದಿನ ಬಟ್ಟೆ ಪರದೆಯ ಅಂಚು ನೆಟ್ಟಗಿದೆ, ಕೈ ಮತ್ತು ಕಿರೀಟ ಮಾತ್ರ ಎಳೆದುಕೊಂಡು ಹೋಗಿವೆ.

ಹಾಗಾದರೆ ಆ ಹುಡುಗನ ಫೋನಿನಲ್ಲಿ ಹೇಗೆ ಬಂತು? ಫೋನು ಒಂದು ಫೋಟೋ ತೆಗೆಯುವುದಿಲ್ಲ. ಗುಂಡಿ ಒತ್ತಿದಾಗ ಸಾಲಾಗಿ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ, ಕಾಳುಕಾಳಾದದ್ದನ್ನು ಒರೆಸಿ, ಕತ್ತಲಿದ್ದಲ್ಲಿ ಬೆಳಕು ತುಂಬಿ, ಅಂಚುಗಳನ್ನು ಚೂಪು ಮಾಡಿ ಕೊಡುತ್ತದೆ. ಅದರ ಲೆನ್ಸಿನ ಬಾಯಿಯೂ ನಿಮ್ಮ 18-55ಕ್ಕಿಂತ ಹೆಚ್ಚು ತೆರೆದಿರುತ್ತದೆ, ಬಹಳ ಫೋನುಗಳಲ್ಲಿ ಎಫ್/1.8ರ ಆಸುಪಾಸು. ನಿಮ್ಮ ಕ್ಯಾಮೆರಾ ಒಂದೇ ಚಿತ್ರ ತೆಗೆದು, ಕಂಡದ್ದನ್ನು ಹೆಚ್ಚುಕಡಿಮೆ ಕಂಡ ಹಾಗೆ ಕೈಗಿಡುತ್ತದೆ. ಬೆಳಕು ಹಿಡಿಯುವ ಅದರ ಫಲಕ, ಅಂದರೆ ಸೆನ್ಸರ್, 22.3 ಮಿಮೀ ಅಗಲ, 14.9 ಮಿಮೀ ಎತ್ತರ, ಬಹುತೇಕ ಫೋನುಗಳ ಸೆನ್ಸರಿಗಿಂತ ಹಲವು ಪಟ್ಟು ದೊಡ್ಡದು. ಆದರೆ ದೊಡ್ಡ ಹಂಡೆ ಇದ್ದರೂ ಅದರ ಬಾಯಿಗೆ ಸಣ್ಣ ನಳಿಗೆ ಇಟ್ಟರೆ ನೀರು ನಿಧಾನವೇ ತುಂಬುವುದು. ನಿಮ್ಮ ಲೆನ್ಸು ಆ ಸಣ್ಣ ನಳಿಗೆ.

ಮೊದಲ ಬಾರಿ ಡಿಎಸ್‌ಎಲ್‌ಆರ್ ಹಿಡಿದವರಲ್ಲಿ ಹೆಚ್ಚಿನವರಿಗೆ ಮೊದಲ ವಾರ ಇದೇ ನಿರಾಸೆ. ಫೋನು ನಿಮ್ಮ ಪರವಾಗಿ ಮಾಡುತ್ತಿದ್ದ ತೀರ್ಮಾನಗಳನ್ನೆಲ್ಲ ಈ ಕ್ಯಾಮೆರಾ ನಿಮಗೇ ಬಿಟ್ಟುಕೊಡುತ್ತದೆ, ಆ ತೀರ್ಮಾನ ತೆಗೆದುಕೊಳ್ಳುವುದು ಇನ್ನೂ ರೂಢಿಯಾಗಿರುವುದಿಲ್ಲ. ಕಲಿಯಲು ಬರುವವರ ಕೈಗೆ ನಾನು ಕೊಡುತ್ತಿದ್ದುದೂ ಇದೇ 1500ಡಿ. ಆದ್ದರಿಂದ ಅದರ ಗುಣ, ಕೊರತೆ ಎರಡೂ ನನಗೆ ಚೆನ್ನಾಗಿ ಗೊತ್ತು.

ಇದು 2018ರಲ್ಲಿ ಬಂದ ಮಾದರಿ. ಬೇರೆ ದೇಶಗಳಲ್ಲಿ ಇದನ್ನೇ 2000ಡಿ ಎಂದೂ ಅಮೆರಿಕದಲ್ಲಿ ರೆಬೆಲ್ ಟಿ7 ಎಂದೂ ಮಾರಿದರು, ಅಂತರ್ಜಾಲದಲ್ಲಿ ಹುಡುಕುವಾಗ ಆ ಹೆಸರುಗಳಲ್ಲೂ ಹುಡುಕಿ. ಸೆನ್ಸರ್ 24.1 ಮೆಗಾಪಿಕ್ಸೆಲ್, ಅದರ ಬಗ್ಗೆ ದೂರಿಲ್ಲ. ಒಳಗಿನ ಡಿಜಿಕ್ 4+ ಪ್ರೊಸೆಸರ್ ಮಾತ್ರ ಬಿಡುಗಡೆಯ ದಿನವೇ ಹಳೆಯದಾಗಿತ್ತು, 2016ರ 1300ಡಿಯಲ್ಲಿ ಇದ್ದದ್ದೂ ಅದೇ. ಬ್ಯಾಟರಿ, ಕಾರ್ಡ್ ಸೇರಿ ಬಾಡಿಯ ತೂಕ ಸುಮಾರು 475 ಗ್ರಾಂ. ಪ್ಲಾಸ್ಟಿಕ್ ಮೈ, ಆದರೆ ಬಲಗೈಯ ಹಿಡಿ ಆಳವಾಗಿದೆ, ಇಡೀ ರಾತ್ರಿ ಹಿಡಿದರೂ ಬೆರಳು ನೋಯುವುದಿಲ್ಲ. ಸೆಕೆಂಡಿಗೆ ಮೂರು ಫೋಟೋ, ಅದಕ್ಕಿಂತ ವೇಗವಿಲ್ಲ. ಹಿಂದಿನ ಪರದೆ ಮಡಚುವುದಿಲ್ಲ, ಮುಟ್ಟಿದರೆ ಕೆಲಸ ಮಾಡುವುದಿಲ್ಲ. ಕಣ್ಣು ಹಚ್ಚಿ ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಸಣ್ಣದು, ಚಿತ್ರದ ಶೇ. 95ರಷ್ಟನ್ನು ಮಾತ್ರ ತೋರಿಸುತ್ತದೆ. ಹಾಗಾಗಿ ಅಂಚಿನಲ್ಲಿ ನಿಮಗೆ ಕಾಣದ ದೀಪದ ಕಂಬವೊಂದು ಫೋಟೋದಲ್ಲಿ ಬಂದು ನಿಂತಿರುತ್ತದೆ. ಇವೆಲ್ಲ ಸಹಿಸಿಕೊಳ್ಳಬಹುದಾದ ಕೊರತೆಗಳು.

ಆದರೆ ಒಂದು ವಿಷಯ ತಿಳಿಯದಿದ್ದರೆ ಈ ಕ್ಯಾಮೆರಾ ಕೈಗೆ ಹತ್ತುವುದೇ ಇಲ್ಲ. ಫೋನಿನ ರೂಢಿಯಲ್ಲಿ ಎಲ್ಲರೂ ಇದನ್ನೂ ತೋಳು ಚಾಚಿ ಹಿಡಿದು ಹಿಂದಿನ ಪರದೆ ನೋಡಿ ತೆಗೆಯಲು ಹೋಗುತ್ತಾರೆ. ಪರದೆಯಲ್ಲಿ ನೋಡುವಾಗ ಇದರ ಫೋಕಸ್ ತುಂಬ ನಿಧಾನ, ಹಿಂದೆ ಮುಂದೆ ತಡಕಾಡಿ ನಿಲ್ಲುವಷ್ಟರಲ್ಲಿ ವೇಷ ರಂಗಸ್ಥಳದ ಆ ತುದಿಗೆ ಹೋಗಿರುತ್ತದೆ. ವ್ಯೂಫೈಂಡರಿಗೆ ಕಣ್ಣು ಹಚ್ಚಿದಾಗ ಕೆಲಸ ಮಾಡುವ ಫೋಕಸ್ ವ್ಯವಸ್ಥೆಯೇ ಬೇರೆ, ಅದು ಚುರುಕಾಗಿದೆ. ಬ್ಯಾಟರಿಯೂ ಉಳಿಯುತ್ತದೆ. ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ ವ್ಯೂಫೈಂಡರಿನಲ್ಲಿ ಸುಮಾರು 500 ಫೋಟೋ, ಪರದೆಯಲ್ಲಾದರೆ ಅದರ ಅರ್ಧ. ಕ್ಯಾಮೆರಾ ಹಣೆಗೆ ಒತ್ತಿ, ಎಡಗೈ ಲೆನ್ಸಿನ ಕೆಳಗೆ ಕೊಟ್ಟು, ಮೊಣಕೈಗಳನ್ನು ಪಕ್ಕೆಗೆ ತಾಗಿಸಿಕೊಂಡರೆ ಕೈನಡುಕ ಅರ್ಧಕ್ಕರ್ಧ ನಿಲ್ಲುತ್ತದೆ. ನಿಮಗೆ ಕನ್ನಡಕ ಇದ್ದರೆ, ವ್ಯೂಫೈಂಡರಿನ ಪಕ್ಕದ ಸಣ್ಣ ಗುಂಡಿಯನ್ನು ಒಳಗಿನ ಕಪ್ಪು ಚೌಕಗಳು ಸ್ಪಷ್ಟವಾಗುವ ತನಕ ತಿರುಗಿಸಿ. ಭಾವ ಅವರ ಕಣ್ಣಿಗೆ ಹೊಂದಿಸಿಟ್ಟದ್ದು ನಿಮ್ಮ ಕಣ್ಣಿಗೆ ಮಸುಕಾಗಿಯೇ ಕಾಣುತ್ತದೆ. ಎಷ್ಟೋ ಜನ ಇದನ್ನು ಲೆನ್ಸಿನ ದೋಷ ಅಂದುಕೊಳ್ಳುತ್ತಾರೆ.

ವ್ಯೂಫೈಂಡರಿನೊಳಗೆ ಒಂಬತ್ತು ಚೌಕಗಳಿವೆಯಲ್ಲ, ಅವು ಫೋಕಸ್ ಬಿಂದುಗಳು. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಯಾವುದನ್ನು ಬಳಸಬೇಕೆಂದು ಕ್ಯಾಮೆರಾವೇ ಆರಿಸುತ್ತದೆ, ಅದು ಸಾಮಾನ್ಯವಾಗಿ ಹತ್ತಿರದ ವಸ್ತುವನ್ನೇ ಹಿಡಿಯುತ್ತದೆ. ಬಯಲಾಟದಲ್ಲಿ ಹತ್ತಿರದ ವಸ್ತು ಯಾವುದು? ರಂಗಸ್ಥಳದ ಮುಂದಿನ ಮೈಕು. ನಿಮ್ಮ ಫೋಟೋದಲ್ಲೂ ಹಾಗೇ ಆಗಿದೆ. ಮೈಕಿನ ಜಾಲರಿಯ ತೂತುಗಳು ಲೆಕ್ಕ ಹಾಕುವಷ್ಟು ಸ್ಪಷ್ಟವಾಗಿವೆ, ಹಿಂದಿನ ಮುಖ ಮಸುಕಾಗಿದೆ. ಹಿಂಬದಿಯ ಬಲಮೇಲ್ತುದಿಯಲ್ಲಿರುವ ಫೋಕಸ್ ಬಿಂದುವಿನ ಗುಂಡಿ ಒತ್ತಿ ನಡುವಿನ ಒಂದನ್ನೇ ಆರಿಸಿ ಇಡಿ. ಒಂಬತ್ತರಲ್ಲಿ ಆ ನಡುವಿನದು ಮಾತ್ರ ಅಡ್ಡ ಮತ್ತು ಉದ್ದ ಎರಡೂ ಗೆರೆಗಳನ್ನು ಗುರುತಿಸಬಲ್ಲದು, ಕತ್ತಲಲ್ಲಿ ನಂಬಬಹುದಾದದ್ದು ಅದೊಂದೇ. ಅದನ್ನು ವೇಷದ ಕಣ್ಣಿನ ಮೇಲೆ ಇಟ್ಟು, ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಚೌಕಟ್ಟನ್ನು ಬೇಕಾದ ಹಾಗೆ ಸರಿಸಿ, ಆಮೇಲೆ ಪೂರ್ತಿ ಒತ್ತಿ.

ಮುಖ ಬಿಳಿಚಿದ್ದಕ್ಕೆ ಕಾರಣ ಬೇರೆ. ಕ್ಯಾಮೆರಾ ಚೌಕಟ್ಟಿನ ಒಟ್ಟು ಬೆಳಕನ್ನು ಅಳೆದು, ಎಲ್ಲವನ್ನೂ ಸರಾಸರಿ ಬೂದುಬಣ್ಣದ ಹತ್ತಿರ ತರಲು ನೋಡುತ್ತದೆ. ರಂಗಸ್ಥಳದ ಹಿಂದೆ ಕಪ್ಪು ಆಕಾಶ, ಎದುರಿಗೆ ಕತ್ತಲಲ್ಲಿ ಕೂತ ಜನರ ತಲೆಗಳು. ಇಷ್ಟು ಕತ್ತಲಿದೆಯಲ್ಲ ಎಂದು ಅದು ಬೆಳಕು ಹೆಚ್ಚಿಸುತ್ತದೆ. ಕತ್ತಲು ಬೂದಿಯಾಗುತ್ತದೆ, ಬಣ್ಣ ಹಚ್ಚಿದ ಮುಖ ಸುಣ್ಣವಾಗುತ್ತದೆ. ಕಿರೀಟದ ಕನ್ನಡಿ ಚೂರುಗಳು ಹೊಳೆದಾಗ ಇನ್ನೊಂದು ತರಹ ತಪ್ಪುತ್ತದೆ. ಹಾಗಾಗಿ ಒಂದಕ್ಕೊಂದು ಹೊಂದದ ಇನ್ನೂರು ಫೋಟೋ.

ಇದಕ್ಕೆ ಪರಿಹಾರ ಹೇಳಿದರೆ ಹೊಸಬರು ಹೆದರುತ್ತಾರೆ, ನೀವು ಹೆದರಬೇಡಿ. ಡಯಲನ್ನು ಎಂ ಗೆ ತಿರುಗಿಸಿ, ಅಂದರೆ ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ನೀವೇ ಹೊಂದಿಸುವ ಮ್ಯಾನುಯಲ್ ಮೋಡ್‌ಗೆ. ಹಗಲು ಹೊರಗೆ ಓಡಾಡುವಾಗ ಮೋಡ, ನೆರಳು, ಬಿಸಿಲು ಎಂದು ಕ್ಷಣಕ್ಕೊಮ್ಮೆ ಬೆಳಕು ಬದಲಾಗುತ್ತದೆ, ಆಗ ಎಂ ಕಷ್ಟ. ರಂಗಸ್ಥಳದ ದೀಪ ಒಡ್ಡೋಲಗದಿಂದ ಮಂಗಳದವರೆಗೂ ಹೆಚ್ಚುಕಡಿಮೆ ಒಂದೇ ಬೆಳಕು ಕೊಡುತ್ತದೆ. ಒಮ್ಮೆ ಹೊಂದಿಸಿದರೆ ರಾತ್ರಿಯಿಡೀ ಮುಟ್ಟಬೇಕಾಗಿಲ್ಲ, ಹಿಂದೆ ಕತ್ತಲಿದ್ದರೂ ಕಿರೀಟ ಹೊಳೆದರೂ ಕ್ಯಾಮೆರಾ ಮೋಸ ಹೋಗುವುದಿಲ್ಲ. ವೇಷ ಕಟ್ಟುವ ಚೌಕಿಗೆ ಹೋದರೆ ಮಾತ್ರ ಬೇರೆ ಲೆಕ್ಕ, ಅಲ್ಲಿಯ ಬೆಳಕು ಬೇರೆ.

ಎಷ್ಟಕ್ಕೆ ಹೊಂದಿಸಬೇಕು? ನಿಮ್ಮ ಫೋಟೋದ ಲೆಕ್ಕವನ್ನೇ ಹಿಡಿದು ಹೇಳುತ್ತೇನೆ. ಇಲ್ಲೇ ಲೆನ್ಸಿನ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕುಣಿತ ನಿಲ್ಲಬೇಕಾದರೆ ಶಟರ್ ಕನಿಷ್ಠ 1/250 ಬೇಕು. 1/30ರಿಂದ 1/250ಕ್ಕೆ ಹೋದರೆ ಒಳಗೆ ಬರುವ ಬೆಳಕು ಎಂಟನೇ ಒಂದಕ್ಕೆ ಇಳಿಯುತ್ತದೆ. 18-55 ಲೆನ್ಸಿನಲ್ಲಿ ಇದನ್ನು ತುಂಬಿಕೊಳ್ಳಲು ದಾರಿಯೇ ಇಲ್ಲ. ಅಪರ್ಚರ್ ಎಫ್/5.6ಕ್ಕೆ ನಿಂತಿದೆ, ಐಎಸ್‌ಒ ತುದಿ ಮುಟ್ಟಿದೆ. 12800ಕ್ಕೆ ಏರಿಸಬಹುದಾದರೂ ಆ ಚಿತ್ರ ರವೆಯಾಗಿರುತ್ತದೆ. ಈಗ ಎಫ್/2ಕ್ಕೆ ತೆರೆಯುವ ಲೆನ್ಸ್ ಇದೆ ಎಂದುಕೊಳ್ಳಿ. ಎಫ್/5.6ರಿಂದ ಎಫ್/2ಕ್ಕೆ ಬಂದರೆ ಬೆಳಕು ಎಂಟು ಪಟ್ಟು. ಕಳೆದುಕೊಂಡದ್ದು ಅಷ್ಟೂ ಮರಳಿ ಬಂತು. ಮೇಲಾಗಿ ನಿಮ್ಮ ಫೋಟೋದಲ್ಲಿ ಮುಖ ಬಿಳಿಚಿದೆ, ಅಂದರೆ ಆ ಬೆಳಕೂ ಹೆಚ್ಚಾಗಿತ್ತು, ಅದರ ಅರ್ಧ ಸಾಕು. ಆಗ ಐಎಸ್‌ಒ 3200ಕ್ಕೆ ಇಳಿಯಿತು. ಎಫ್/2, 1/250, ಐಎಸ್‌ಒ 3200. ಅದೇ ರಂಗಸ್ಥಳ, ಅದೇ ದೀಪ, ಅದೇ ಕ್ಯಾಮೆರಾ. ಈ ಮೂರು ಸಂಖ್ಯೆಗಳಿಂದ ಶುರು ಮಾಡಿ, ಒಂದು ಫೋಟೋ ತೆಗೆದು ಮುಖವನ್ನು ಹಿಗ್ಗಿಸಿ ನೋಡಿ, ಬಣ್ಣದ ಗೆರೆಗಳು ಕಾಣುವಷ್ಟಕ್ಕೆ ಐಎಸ್‌ಒ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಆ ಲೆನ್ಸ್ ಕ್ಯಾನನ್ ಇಎಫ್ 50 ಮಿಮೀ ಎಫ್/1.8 ಎಸ್‌ಟಿಎಂ. 2015ರಲ್ಲಿ ಬಂದದ್ದು, ತೂಕ ಸುಮಾರು 160 ಗ್ರಾಂ, ಮುಷ್ಟಿಯೊಳಗೆ ಹಿಡಿಸುತ್ತದೆ. ನಿಮ್ಮ ಕ್ಯಾಮೆರಾಕ್ಕೆ ಕೂರುವ ಲೆನ್ಸುಗಳಲ್ಲೇ ಅತಿ ಅಗ್ಗದ ಸಾಲಿನಲ್ಲಿದೆ, ಸೆಕೆಂಡ್‌ಹ್ಯಾಂಡ್ ಕೂಡ ಧಾರಾಳ ಸಿಗುತ್ತದೆ. ಜೂಮ್ ಇಲ್ಲ, ಹಿಂದೆ ಮುಂದೆ ನೀವೇ ನಡೆಯಬೇಕು. ಇದರೊಳಗೆ ಅಲುಗಾಟ ತಡೆಯುವ ಐಎಸ್ ಇಲ್ಲ, 1/250ರಲ್ಲಿ ಅದರ ಅಗತ್ಯವೂ ಇಲ್ಲ. ಬಯಲಾಟಕ್ಕೆ ಸರಿಹೋಗುತ್ತದೆಯೇ ಎಂದು ನಾನೇ ಲೆಕ್ಕ ಹಾಕಿ ನೋಡಿದ್ದೇನೆ. ನಿಮ್ಮ ಕ್ಯಾಮೆರಾದಲ್ಲಿ 50 ಮಿಮೀ ಲೆನ್ಸ್ ಹಾಕಿ 20 ಅಡಿ ದೂರ ಕೂತು, ಕ್ಯಾಮೆರಾ ನೆಟ್ಟಗೆ ನಿಲ್ಲಿಸಿ ಹಿಡಿದರೆ ಸುಮಾರು ಒಂಬತ್ತಡಿ ಎತ್ತರ, ಆರಡಿ ಅಗಲ ಚೌಕಟ್ಟಿನೊಳಗೆ ಬರುತ್ತದೆ. ಕಿರೀಟ ಕಟ್ಟಿದ ಒಂದು ವೇಷ ಗೆಜ್ಜೆಯಿಂದ ತುರಾಯಿಯ ತನಕ ಸಲೀಸಾಗಿ ಕೂರುತ್ತದೆ. ಜಾಗ ಹಿಡಿಯಲು ಬೇಗ ಹೋಗಿ, ನಡುವೆ ಕೂರಬೇಡಿ, ಮೈಕು ಅಡ್ಡ ಬಾರದ ಹಾಗೆ ಸ್ವಲ್ಪ ಬದಿಗೆ ಕೂರಿ. ಇಡೀ ರಂಗಸ್ಥಳ, ಹಿಮ್ಮೇಳ ಸಮೇತ ಬೇಕೆಂದಾಗ ನಿಮ್ಮ 18-55ರ 18ರ ತುದಿ ಇದೆ. ಅಲ್ಲಿ ಎಫ್/3.5 ಸಿಗುತ್ತದೆ, ಭಾಗವತರು ಕೂತಿರುತ್ತಾರಾದ್ದರಿಂದ ಶಟರ್ 1/60 ಇದ್ದರೂ ನಡೆಯುತ್ತದೆ.

ದೀಪದ ಬಗ್ಗೆ ಒಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮಲ್ಲಿ ಕರೆಂಟು ಸೆಕೆಂಡಿಗೆ 50 ಆವರ್ತ, ಅದರಿಂದ ಉರಿಯುವ ಹಲವು ಎಲ್‌ಇಡಿ ಮತ್ತು ಟ್ಯೂಬ್ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ಗೊತ್ತಾಗದು, 1/250ಕ್ಕೆ ಗೊತ್ತಾಗುತ್ತದೆ. ಒಂದು ಫೋಟೋ ಬೆಳಕಾಗಿ, ಮುಂದಿನದು ಮಂಕಾಗಿ, ಇನ್ನೊಂದರಲ್ಲಿ ಅಡ್ಡಪಟ್ಟೆ ಬಿದ್ದು ಬರುತ್ತದೆ. ಇದಕ್ಕೆ ಹೊಂದಿಕೊಂಡು ಶಟರ್ ಬಿಡುವ ಸೌಲಭ್ಯ 1500ಡಿಯಲ್ಲಿ ಇಲ್ಲ. ಹಾಗೆ ಕಂಡರೆ 1/100ಕ್ಕೆ ಇಳಿಸಿ, ಬೆಳಕಿನ ಒಂದು ಪೂರ್ತಿ ಸುತ್ತು ಒಳಗೆ ಬರುತ್ತದೆ, ಏರುಪೇರು ನಿಲ್ಲುತ್ತದೆ. 1/100ರಲ್ಲಿ ಮಂಡಿ ಹಾಕುವಾಗಿನ ತಿರುಗುವ ವೇಷವನ್ನು ನಿಲ್ಲಿಸಲಾಗದು, ನಿಜ. ಆದರೆ ಯಕ್ಷಗಾನದಲ್ಲಿ ಚಂಡೆಯ ಮುಕ್ತಾಯಕ್ಕೆ ವೇಷ ಒಂದು ಕ್ಷಣ ಸ್ತಬ್ಧವಾಗಿ ನಿಲ್ಲುತ್ತದೆಯಲ್ಲ, ಹಾರಿದವರು ತುತ್ತತುದಿಯಲ್ಲಿ ಒಂದರೆಕ್ಷಣ ನಿಂತಂತೆ ಇರುತ್ತಾರಲ್ಲ, ಆಗ ಒತ್ತಬೇಕು. ನೀವು ಚಿಕ್ಕಂದಿನಿಂದ ಆಟ ನೋಡಿದವರು. ಪೆಟ್ಟು ಎಲ್ಲಿ ಬೀಳುತ್ತದೆಂದು ನಿಮ್ಮ ಕಿವಿಗೆ ಮೊದಲೇ ಗೊತ್ತಿರುತ್ತದೆ. ಸೆಕೆಂಡಿಗೆ ಹತ್ತು ಫೋಟೋ ತೆಗೆಯುವ ಕ್ಯಾಮೆರಾ ಹಿಡಿದ ಹೊರಗಿನವರಿಗೆ ಇಲ್ಲದ ಅನುಕೂಲ ಇದು.

ಹಳದಿ ಬಣ್ಣಕ್ಕೆ ವೈಟ್ ಬ್ಯಾಲೆನ್ಸ್, ಅಂದರೆ ದೀಪದ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿದೂಗಿಸುವ ವ್ಯವಸ್ಥೆ, ಕಾರಣ. ದೀಪ ಹಳದಿ ಬಲ್ಬಿನದಾದರೆ ಬಲ್ಬಿನ ಚಿತ್ರವಿರುವ ಆಯ್ಕೆ ಇಡಿ. ಇನ್ನೂ ಒಳ್ಳೆಯದೆಂದರೆ ಫೋಟೋಗಳನ್ನು ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ, ಇಟ್ಟುಕೊಳ್ಳುವುದು. ಆಗ ಮನೆಗೆ ಬಂದ ಮೇಲೆ ಕ್ಯಾನನ್ ಉಚಿತವಾಗಿ ಕೊಡುವ ಡಿಜಿಟಲ್ ಫೋಟೋ ಪ್ರೊಫೆಷನಲ್ ಎಂಬ ಸಾಫ್ಟ್‌ವೇರಿನಲ್ಲಿ ಬಣ್ಣ ಸರಿಪಡಿಸಬಹುದು. ಪೂರ್ತಿ ಬಿಳಿ ಮಾಡಲು ಹೋಗಬೇಡಿ, ಸ್ವಲ್ಪ ಬೆಚ್ಚಗಿದ್ದರೆ ಆ ಕೆಂಪು ಹಳದಿ ವಸ್ತ್ರಗಳಿಗೆ ಕಳೆ. ಫ್ಲಾಶ್ ಮಾತ್ರ ಬೇಡವೇ ಬೇಡ. ಬಾಡಿಯ ಮೇಲಿನ ಆ ಪುಟ್ಟ ಫ್ಲಾಶಿನ ಬೆಳಕಿನಲ್ಲಿ ವೇಷದ ಭಾರ, ನೆರಳು ಎಲ್ಲ ಚಪ್ಪಟೆಯಾಗುತ್ತದೆ, ಕುಣಿಯುವವರ ಕಣ್ಣಿಗೂ ಹೊಡೆಯುತ್ತದೆ. ಫೋಕಸ್ ಆದಾಗ ಬರುವ ಪೀಂ ಎಂಬ ಸದ್ದನ್ನೂ ಮೆನುವಿನಲ್ಲಿ ನಿಲ್ಲಿಸಿಬಿಡಿ, ಪಕ್ಕದವರು ಮಾತು ಕೇಳುತ್ತಿರುತ್ತಾರೆ.

ಮಿರರ್‌ಲೆಸ್ ವಿಷಯಕ್ಕೆ ಬರೋಣ. ನೀವು ಇವತ್ತು ಕೈಯಿಂದ ದುಡ್ಡು ಕೊಟ್ಟು ಹೊಸ ಕ್ಯಾಮೆರಾ ಕೊಳ್ಳುವವರಾಗಿದ್ದರೆ ಮಿರರ್‌ಲೆಸ್ಸನ್ನೇ ನೋಡಿ ಎನ್ನುತ್ತಿದ್ದೆ. ಕಂಪನಿಗಳ ಗಮನ ಈಗ ಆ ಕಡೆಗೇ ಇದೆ. ಕ್ಯಾನನ್ 1500ಡಿ ಹೊರತಂದ ಅದೇ 2018ರಲ್ಲಿ ಇಒಎಸ್ ಆರ್ ಎಂಬ ಹೊಸ ಮಿರರ್‌ಲೆಸ್ ಸಾಲನ್ನೂ ಆರಂಭಿಸಿತು. 2023ರಲ್ಲಿ ಆರ್50, ಆರ್100 ಎಂಬ ಆರಂಭಿಕ ಮಾದರಿಗಳೂ ಬಂದವು. ಮುಖ ಗುರುತಿಸಿ ಹಿಂಬಾಲಿಸುವ ಫೋಕಸ್ಸಿನಲ್ಲಿ ಅವು ನಿಮ್ಮ ಕ್ಯಾಮೆರಾಕ್ಕಿಂತ ಬಹಳ ಮುಂದೆ. ಆದರೆ ಅವುಗಳ ಜೊತೆ ಬರುವ ಜೂಮ್ ಲೆನ್ಸಿನ ಬಾಯಿಯೂ ಇಷ್ಟೇ ಸಣ್ಣದು. ಕೈಯಲ್ಲಿರುವುದನ್ನು ಮಾರಿ, ಮೇಲಿಷ್ಟು ದುಡ್ಡು ಹಾಕಿ ಅದನ್ನು ತಂದು ಅದೇ ರಂಗಸ್ಥಳದೆದುರು ಕೂತರೆ ಕತ್ತಲು ಕತ್ತಲೇ, ಅಲುಗಾಟ ಅಲುಗಾಟವೇ. ಮೊದಲು 50 ಮಿಮೀ ಲೆನ್ಸ್ ತನ್ನಿ. ಮುಂದೆ ಮಿರರ್‌ಲೆಸ್ ಕೊಂಡರೂ ಆ ದುಡ್ಡು ಹಾಳಲ್ಲ, 1987ರಿಂದ ಬಂದ ಇಎಫ್ ಲೆನ್ಸುಗಳನ್ನು ಒಂದು ಅಡಾಪ್ಟರ್ ಹಾಕಿ ಆರ್ ಸಾಲಿನ ಬಾಡಿಗಳಲ್ಲಿ ಬಳಸಬಹುದು.

ನೀವು ಕೇಳದ ಒಂದು ವಿಷಯ ಹೇಳಲೇಬೇಕು, ಕರಾವಳಿಯವರು ನೀವು, ಈಗ ಮಳೆಗಾಲ. ಬಹಳ ವರ್ಷಗಳ ಹಿಂದೆ ನಾನು ಒಂದು ಒಳ್ಳೆಯ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿನೊಳಗೆ ಜೋಪಾನ ಮಾಡಿದ್ದೆ. ಜೂನ್‌ನಲ್ಲಿ ಇಟ್ಟದ್ದು, ನವರಾತ್ರಿಗೆ ತೆಗೆದೆ. ದೀಪಕ್ಕೆ ಹಿಡಿದರೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು, ಅಂಚಿನಿಂದ ನಡುವಿಗೆ ಹಬ್ಬಿದ್ದವು. ಬಿಚ್ಚಿ ಒರೆಸಿದರೂ ಗಾಜಿನ ಲೇಪನ ತಿಂದುಹೋಗಿತ್ತು. ಬೂಸಲಿಗೆ ಬೇಕಾದದ್ದು ತೇವ, ಕತ್ತಲು, ಆಡದ ಗಾಳಿ. ಚರ್ಮದ ಚೀಲ ಮೂರನ್ನೂ ಕೊಡುತ್ತದೆ. ಅಡುಗೆಮನೆಯ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದರ ತಳಕ್ಕೆ ಸಿಲಿಕಾ ಜೆಲ್ ಹಾಕಿ, ಮೇಲೆ ಬಟ್ಟೆ ಹಾಸಿ ಕ್ಯಾಮೆರಾ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮರಳಿ ಹಾಕಿ, ಆ ಬಾಣಲೆ ಮಾತ್ರ ಅಡುಗೆಗೆ ಬಳಸಬೇಡಿ. ವಾರಕ್ಕೊಮ್ಮೆಯಾದರೂ ಹೊರತೆಗೆದು ನಾಲ್ಕು ಫೋಟೋ ತೆಗೆಯಿರಿ. ಹೊಸ ಲೆನ್ಸನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಟಾರ್ಚನ್ನು ಒಂದು ಬದಿಯಿಂದ ಬಿಟ್ಟು ಇನ್ನೊಂದು ಬದಿಯಿಂದ ಇದೇ ಎಳೆಗಳಿವೆಯೇ ನೋಡಿ, ಕಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಲೆನ್ಸ್ ಬದಲಿಸುವಾಗ ಬಾಡಿಯ ಬಾಯಿ ಕೆಳಗೆ ಇರಲಿ, ಗಾಳಿ ಬೀಸುವಲ್ಲಿ ಬೇಡ. ಈ ಮಾದರಿಯಲ್ಲಿ ಸೆನ್ಸರ್ ತನ್ನ ಧೂಳನ್ನು ತಾನೇ ಕೊಡವಿಕೊಳ್ಳುವುದಿಲ್ಲ. ಆಟದ ನಡುವೆ ಬಯಲಿನ ಧೂಳಿನಲ್ಲಿ ಲೆನ್ಸ್ ಬಿಚ್ಚುವ ಬದಲು 50 ಮಿಮೀ ಹಾಕಿಕೊಂಡೇ ಮನೆಯಿಂದ ಹೊರಡಿ.

ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ನವೆಂಬರ್ ಹೊತ್ತಿಗೆ. ಅಲ್ಲಿಯ ತನಕ ರಾತ್ರಿ ಊಟದ ನಂತರ ಜಗಲಿಯ ಒಂದೇ ಒಂದು ದೀಪ ಹಚ್ಚಿ, ಮಕ್ಕಳನ್ನು ಅಂಗಳದಲ್ಲಿ ಓಡಾಡಲು ಬಿಟ್ಟು, ಎಂ ಮೋಡ್‌ನಲ್ಲಿ ತೆಗೆಯುತ್ತಿರಿ. ಮೂರು ಸಂಖ್ಯೆಗಳನ್ನು ಪರದೆ ನೋಡದೆ, ಕಣ್ಣು ವ್ಯೂಫೈಂಡರಿನಲ್ಲೇ ಇಟ್ಟು ಬೆರಳಿನಲ್ಲೇ ಬದಲಿಸಲು ಬರಬೇಕು. ಇದರಲ್ಲಿ ತಿರುಗಿಸುವ ಚಕ್ರ ಒಂದೇ ಇರುವುದರಿಂದ, ಅಪರ್ಚರ್ ಬದಲಿಸಲು ಹೆಬ್ಬೆರಳ ಹತ್ತಿರದ ಎವಿ ಗುಂಡಿ ಒತ್ತಿ ಹಿಡಿದು ಚಕ್ರ ತಿರುಗಿಸಬೇಕು. ಹತ್ತು ರಾತ್ರಿ ಮಾಡಿದರೆ ಬೆರಳಿಗೆ ಬರುತ್ತದೆ. ಮೊದಲ ಆಟದ ಫೋಟೋ ಬಂದ ಮೇಲೆ ಒಂದನ್ನು ತಿದ್ದದೆ ಹಾಗೇ ಕಳಿಸಿ, ಲೆಕ್ಕ ನೋಡಿ ಮುಂದಿನದನ್ನು ಹೇಳುತ್ತೇನೆ.